ಐದು ಜಾಗದ ಪ್ಲಾನ್ ಬಿಡಿ, ಬನವಾಸಿ ಒಂದಕ್ಕೇ ಹೋಗಿ, ಕೊನೇ ಬಸ್ ಮಾತ್ರ ಸರಿಯಾಗಿ ಕೇಳ್ಕೊಳ್ಳಿ

ಬೆಂಗಳೂರಿಂದ ಒಬ್ಳೇ ಹೋಗಿ, ಸಿರ್ಸಿಯಲ್ಲಿ ರೂಮ್ ಮಾಡ್ಕೊಂಡು, ಬರೀ ಬಸ್ಸಲ್ಲೇ ಎರಡು ದಿನದಲ್ಲಿ ಬನವಾಸಿ, ಬಳ್ಳಿಗಾವಿ, ಸಹಸ್ರಲಿಂಗ, ಯಾಣ, ಜೋಗ ಐದೂ ಮುಗಿಸಬಹುದಾ, ಹುಡುಗೀರಿಗೆ ಸೇಫಾ ಅಂತ ಕೇಳಿದೀರ. ಓದ್ತಿದ್ದ ಹಾಗೇ ನನಗೆ 2023ರ ಜನವರಿ ನೆನಪಾಯ್ತು, ಯಾಕಂದ್ರೆ ನನ್ನ ಚೀಟಿಯಲ್ಲೂ ಇದೇ ಲಿಸ್ಟ್ ಇತ್ತು, ಜೋಗದ ಬದಲು ಸೋಂದೆ ಬರ್ಕೊಂಡಿದ್ದೆ ಅಷ್ಟೇ.

ಶನಿವಾರ ಇಡೀ ದಿನ ಸಹಸ್ರಲಿಂಗ ಒಂದಕ್ಕೇ ಹೋಯ್ತು. ಯಲ್ಲಾಪುರ ರೋಡಲ್ಲಿ ಬಸ್ ಇಳಿದು, ಕಾಡು ದಾರಿಯಲ್ಲಿ ನಡೆದು, ಶಾಲ್ಮಲಾ ಹೊಳೆಯಲ್ಲಿ ಲಿಂಗ ನೋಡ್ಕೊಂಡು ವಾಪಸ್ ರೋಡಿಗೆ ಬಂದ್ರೆ ಎರಡು ಗಂಟೆ ಹೊತ್ತು ಬಸ್ಸೇ ಇಲ್ಲ. ಅವತ್ತೇ ಸೋಂದೆ, ಯಾಣ ಎರಡೂ ಚೀಟಿಯಿಂದ ಹೊಡೆದು ಹಾಕ್ದೆ. ಭಾನುವಾರ ಬೆಳಿಗ್ಗೆ ಲಾಡ್ಜ್ ಖಾಲಿ ಮಾಡಿ, ಬ್ಯಾಗ್ ಅಲ್ಲೇ ಕೌಂಟರಲ್ಲಿ ಇಟ್ಟು, ಬಸ್ ಸ್ಟ್ಯಾಂಡ್ ಹತ್ರ ಬನ್ಸ್ ತಿಂದು ಚಾ ಕುಡಿದು ಬನವಾಸಿ ಬಸ್ ಹತ್ತಿದೆ. ರಾತ್ರಿ ಒಂಬತ್ತಕ್ಕೆ ಸಿರ್ಸಿಯಿಂದ ಬೆಂಗಳೂರಿಗೆ ಸೀಟ್ ಬುಕ್ ಆಗಿತ್ತು. ಸೋಮವಾರ ಬೆಳಿಗ್ಗೆ ಅಪ್ಪಂಗೆ ಕಣ್ಣಿನ ಪೊರೆ ಆಪರೇಷನ್, ನಾನು ಜೊತೆಗಿರ್ತೀನಿ ಅಂತ ಮಾತು ಕೊಟ್ಟಿದ್ದೆ, ಅಮ್ಮ ಇಲ್ಲ ನಮಗೆ.

ಸಿರ್ಸಿಯಿಂದ ಬನವಾಸಿ ಸುಮಾರು 24 ಕಿ.ಮೀ., ಆದ್ರೆ ಬಸ್ಸು ಪ್ರತಿ ಕ್ರಾಸಲ್ಲೂ ನಿಲ್ಲುತ್ತೆ, ಒಂದು ಕಡೆ ಚೀಲ ಹತ್ತಿಸ್ತಾರೆ, ಇನ್ನೊಂದು ಕಡೆ ಯಾರೋ ಅಜ್ಜಿ ಇಳಿಯೋವರೆಗೂ ಡ್ರೈವರ್ ಕಾಯ್ತಾರೆ. ಗುಡ್ಡ, ಅಡಿಕೆ ತೋಟ ದಾಟಿ ಗದ್ದೆ ಬಯಲು ಶುರುವಾಯ್ತು ಅಂದ್ರೆ ಊರು ಹತ್ರ ಬಂತು ಅಂತ. ಅನಾನಸ್ ಬೆಳೆಯೋ ಕಡೆ ಅದು, ರೋಡ್ ಪಕ್ಕದಲ್ಲೇ ಮುಳ್ಳು ಮುಳ್ಳು ಗಿಡದ ಸಾಲು ಕಾಣುತ್ತೆ.

ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಅಂತ ಓದ್ಕೊಂಡು ಹೋದ್ರೆ ಸಿಗೋದು ಒಂದು ರಥಬೀದಿ, ಹೆಂಚಿನ ಮನೆಗಳು, ಜಗುಲಿ ಮೇಲೆ ಕೂತ ಹಿರಿಯರು, ಬೀದಿ ತುದಿಗೆ ಮಧುಕೇಶ್ವರ ದೇವಸ್ಥಾನ, ಅದರಾಚೆ ಗದ್ದೆ, ವರದಾ ಹೊಳೆ. ವರದೆ ಸಾಗರದ ಹತ್ರ ವರದಾಮೂಲದಲ್ಲಿ ಹುಟ್ಟಿ ಬಂದು ಈ ಊರನ್ನ ಮೂರು ಕಡೆ ಬಳಸ್ಕೊಂಡು ಮುಂದೆ ಹೋಗ್ತಾಳೆ. ಅಷ್ಟೇ ಊರು. ನಾನು ಮೊದಲು ಇಪ್ಪತ್ತು ನಿಮಿಷದಲ್ಲಿ ದೇವಸ್ಥಾನ ಒಂದು ರೌಂಡ್ ಹೊಡೆದು ಫೋಟೋ ತೆಗೆದು ಮುಗೀತು ಅಂದ್ಕೊಂಡೆ. ಮುಂದಿನ ಬಸ್ಸಿಗೆ ಟೈಮ್ ಇತ್ತು ಅಂತ ಮತ್ತೆ ಒಳಗೆ ಹೋದೆ ನೋಡಿ, ಆಗ ಶುರುವಾಯ್ತು.

ಮಂಟಪದ ಕಂಬಗಳನ್ನ ಎಷ್ಟು ನುಣುಪಾಗಿ ಕಡೆದಿದಾರೆ ಅಂದ್ರೆ ನಮ್ಮ ನೆರಳು ಅದರಲ್ಲಿ ಕಾಣುತ್ತೆ. ಸುತ್ತ ಪ್ರಾಕಾರದಲ್ಲಿ ಅಷ್ಟದಿಕ್ಪಾಲಕರು, ಒಂದು ಕಡೆ ಅರ್ಧ ಗಣಪತಿ, ಇನ್ನೊಂದು ಕಡೆ ಸೋಂದೆ ಅರಸರು ಕೊಟ್ಟ ಕಲ್ಲಿನ ಮಂಚ. ನನ್ನನ್ನ ಹಿಡಿದು ನಿಲ್ಲಿಸಿದ್ದು ಆವರಣದಲ್ಲಿರೋ ನಾಗರ ಕಲ್ಲು. ಐದು ಹೆಡೆ, ಅಂಚಲ್ಲಿ ಬ್ರಾಹ್ಮಿ ಲಿಪಿ, ಭಾಷೆ ಪ್ರಾಕೃತ, ಕದಂಬರಿಗಿಂತಲೂ ಮುಂಚೆ ಚುಟು ರಾಜರ ಕಾಲದ್ದು. ನಾಗಶ್ರೀ ಅನ್ನೋ ರಾಜಕುಮಾರಿ ಮಾಡಿಸಿದ ದಾನ ಅದರಲ್ಲಿದೆ, ಕೆತ್ತಿದವನ ಹೆಸರೂ ಇದೆ, ನಾಟಕ ಅಂತ. ಅಲ್ಲಿದ್ದ ಒಬ್ಬ ಹಿರಿಯರು ಕೋಲು ಹಿಡಿದು ಒಂದೊಂದೇ ಅಕ್ಷರ ತೋರಿಸ್ತಿದ್ರು. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದಿನ ಒಬ್ಬ ಕಲ್ಲುಕುಟಿಗನ ಹೆಸರು, ನನಗೆ ಅಲ್ಲಿಂದ ಕಾಲು ಕೀಳೋಕೆ ಮನಸ್ಸೇ ಬರ್ಲಿಲ್ಲ.

ಮಧ್ಯಾಹ್ನ ಒಂದು ಮನೆ ಅಂಗಳದಲ್ಲಿ ಆ ಮನೆಯವರೊಬ್ಬರು ಅಡಿಕೆ ಸುಲಿಯೋದು ನೋಡ್ತಾ ಕೂತೆ. ಮೆಟ್ಟುಗತ್ತಿ ಮಣೆ ಮೇಲೆ ಒಂದು ಕಾಲು ಒತ್ತಿಟ್ಟು, ಹಸಿ ಅಡಿಕೆಯನ್ನ ಬಾಯಿಗೆ ಕೊಟ್ಟು ಒಂದೇ ತಿರುವು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ ಬುಟ್ಟಿಗೆ. ಕಣ್ಣು ನನ್ನ ಕಡೆ, ಮಾತೂ ನನ್ನ ಜೊತೆ, ಕೈ ಮಾತ್ರ ನಿಲ್ತಾನೇ ಇರ್ಲಿಲ್ಲ. ಬೆರಳ ತುದಿಯೆಲ್ಲ ಚೊಗರಿಂದ ಕಪ್ಪಾಗಿತ್ತು. "ಎಂತಕ್ಕೆ ಒಬ್ಳೇ ಬಂದೆ ತಂಗಿ, ಮನೇಲಿ ಬೈತ್ರಿಲ್ವಾ" ಅಂದ್ರು, ಕುಡಿಯೋಕೆ ಮಜ್ಜಿಗೆ ಕೊಟ್ರು.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದ ಹೇಳ್ತೀನಿ, ದಯವಿಟ್ಟು ಸ್ಕಿಪ್ ಮಾಡಬೇಡಿ.

ಸಂಜೆ ಐದೂವರೆಗೆ ಸ್ಟ್ಯಾಂಡ್ ಪಕ್ಕದ ಚಾ ಅಂಗಡಿಯಲ್ಲಿ "ಸಿರ್ಸಿ ಲಾಸ್ಟ್ ಬಸ್ ಎಷ್ಟೊತ್ತಿಗೆ?" ಅಂತ ಕೇಳ್ದೆ. ಅಂಗಡಿಯವರು "ಎಂಟಕ್ಕೆ ಬರ್ತದೆ" ಅಂದ್ರು. ಎಂಟಕ್ಕೆ ಹತ್ತಿದ್ರೆ ಎಂಟೂ ಮುಕ್ಕಾಲಿಗೆ ಸಿರ್ಸಿ, ಒಂಬತ್ತಕ್ಕೆ ಬೆಂಗಳೂರು ಬಸ್, ಟೈಟ್ ಆದ್ರೂ ಸಾಕು ಅಂದ್ಕೊಂಡೆ. ಆರೂವರೆಗೆ ಒಂದು ಬಸ್ ನನ್ನ ಎದುರಿಗೇ ಬಂದು ನಿಲ್ತು, ಕಂಡಕ್ಟರ್ ಬಾಗಿಲಲ್ಲಿ ನಿಂತು "ಸಿರ್ಸಿ ಸಿರ್ಸಿ" ಅಂತ ಕೂಗಿದ್ರು, ಸೀಟೂ ಖಾಲಿ ಇತ್ತು. ಹೊಳೆ ಹತ್ರ ಕತ್ತಲಾಗೋದು ನೋಡ್ಬೇಕು ಅಂತ ನಾನು ಹತ್ತಲಿಲ್ಲ.

ಎಂಟೂ ಹತ್ತಕ್ಕೆ ಬಸ್ ಬಂತು. ಎಲ್ಲ ಇಳಿದ್ರು, ಡ್ರೈವರ್ ಒಳಗಿನ ಲೈಟ್ ಆಫ್ ಮಾಡಿದ್ರು. ನಾನು ಓಡಿ ಹೋಗಿ ಸಿರ್ಸಿ ಅಂದೆ. ಕಂಡಕ್ಟರ್ ನೋಟು ಎಣಿಸ್ತಾ "ಇದು ವಸ್ತಿ ಬಸ್ಸು ತಂಗಿ, ಇಲ್ಲೇ ಉಳೀತದೆ, ಬೆಳಿಗ್ಗೆ ಐದೂ ಮುಕ್ಕಾಲಿಗೆ ಬಿಡ್ತದೆ" ಅಂದ್ರು.

ಅಂಗಡಿಯವರು ಸುಳ್ಳು ಹೇಳಿರ್ಲಿಲ್ಲ. ಸಿರ್ಸಿ ಬಸ್ ಅಂದ್ರೆ ಅವರಿಗೆ ಸಿರ್ಸಿಯಿಂದ ಬರೋ ಬಸ್, ನನಗೆ ಸಿರ್ಸಿಗೆ ಹೋಗೋ ಬಸ್. ಅವರು ಬರ್ತದೆ ಅಂದ್ರು, ಹೋಗ್ತದೆ ಅನ್ಲಿಲ್ಲ. ಅವರ ಜೀವನ ಪೂರ್ತಿ ಆ ಕೊನೇ ಬಸ್ಸಿನ ಉಪಯೋಗ ಪೇಟೆಗೆ ಹೋದವರು ಮನೆಗೆ ಬರೋಕೆ. ಹಳ್ಳಿ ಕಡೆ ಸರ್ಕಾರಿ ಬಸ್ಸಿನ ಲೆಕ್ಕ ಊರಿನವರ ದಿನಚರಿ ಮೇಲೆ ನಡೆಯುತ್ತೆ, ಬೆಳಿಗ್ಗೆ ಊರಿಂದ ಪೇಟೆಗೆ, ಸಂಜೆ ಪೇಟೆಯಿಂದ ಊರಿಗೆ. ರಾತ್ರಿ ಬಂದ ಬಸ್ ಅಲ್ಲೇ ನಿಲ್ಲುತ್ತೆ, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗ್ತಾರೆ, ಬೆಳಿಗ್ಗೆ ಅದೇ ಮೊದಲ ಬಸ್. ನಾವು ಟೂರಿಸ್ಟ್‌ಗಳು ಸರಿಯಾಗಿ ಉಲ್ಟಾ ದಿಕ್ಕಲ್ಲಿ ಓಡಾಡ್ತೀವಿ. ಅದಕ್ಕೇ ಕೇಳೋವಾಗ ಪೂರ್ತಿ ವಾಕ್ಯ ಕೇಳಿ: "ಇಲ್ಲಿಂದ ಸಿರ್ಸಿಗೆ ಹೋಗೋ ಕೊನೇ ಬಸ್ ಇವತ್ತು ಎಷ್ಟೊತ್ತಿಗೆ ಬಿಡುತ್ತೆ?" ಇಲ್ಲಿಂದ, ಹೋಗೋ, ಇವತ್ತು, ಬಿಡುತ್ತೆ, ಈ ನಾಲ್ಕರಲ್ಲಿ ಒಂದನ್ನೂ ಬಿಡಬೇಡಿ. ಇವತ್ತು ಅನ್ನೋದು ಯಾಕಂದ್ರೆ ಸ್ಕೂಲು ಕಾಲೇಜು ಮಕ್ಕಳಿಗೆ ಅಂತ ಬಿಡೋ ಟ್ರಿಪ್ ಭಾನುವಾರ ಇರಲ್ಲ. ಅಂಗಡಿಯಲ್ಲಿ ಕೇಳಿದ್ದು ಸಾಲದು, ಬೆಳಿಗ್ಗೆ ಸಿರ್ಸಿ ಸ್ಟ್ಯಾಂಡ್ ವಿಚಾರಣೆ ಕೌಂಟರಲ್ಲಿ ಒಂದ್ಸಲ, ಹೋಗೋವಾಗ ಕಂಡಕ್ಟರನ್ನ ಒಂದ್ಸಲ ಕೇಳಿ. ಕೊನೇ ಬಸ್ಸಿನ ಹಿಂದಿನ ಬಸ್ಸನ್ನೇ ನಿಮ್ಮ ಕೊನೇ ಬಸ್ ಅಂದ್ಕೊಳ್ಳಿ.

ಕಾರ್ ಕೇಳಿ ನೋಡ್ದೆ, ಬರೋಕೇ ಅರ್ಧ ಗಂಟೆ ಅಂದ್ರು, ಒಂಬತ್ತರ ಬಸ್ ಹೇಗೂ ಸಿಗಲ್ಲ. ಕೇಳಿದ ಕಡೆ ರೂಮ್ ಖಾಲಿ ಇಲ್ಲ. ಕಂಡಕ್ಟರೇ ಚಾ ಅಂಗಡಿಯವರ ಹೆಂಡತಿಯನ್ನ ಕರೆಸಿ ಮಾತಾಡಿದ್ರು, ಅವತ್ತು ಅವರ ಮನೆಯಲ್ಲಿ ಅವರ ಮಗಳ ಪಕ್ಕ ಮಲಗಿದೆ. ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಮಂಜು, ಬಸ್ಸಿನ ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟಿದ್ರು, ಮಫ್ಲರ್ ಸುತ್ಕೊಂಡ ಒಬ್ಬರು ಹಾಲಿನ ಕ್ಯಾನ್ ಹತ್ತಿಸ್ತಿದ್ರು, ಡ್ರೈವರ್ ಟವೆಲ್‌ನಿಂದ ಗಾಜು ಒರೆಸ್ತಿದ್ರು. "ಮುಂದೆ ಕೂತ್ಕೋ" ಅಂತ ಕಂಡಕ್ಟರ್ ಮೊದಲ ಸೀಟ್ ತೋರಿಸಿದ್ರು. ಚಾ ಅಂಗಡಿ ಅಕ್ಕ ದುಡ್ಡು ತಗೊಳ್ಳಲಿಲ್ಲ, ಕೈಗೆ ನಾಲ್ಕು ತೊಡೆದೇವು, ಅಂದ್ರೆ ಆ ಕಡೆಯ ತೆಳು ಸಿಹಿತಿಂಡಿ, ಪೇಪರಲ್ಲಿ ಸುತ್ತಿ ಕೊಟ್ರು.

ಅಪ್ಪ ಆಸ್ಪತ್ರೆಗೆ ಪಕ್ಕದ ಮನೆಯವರ ಜೊತೆ ಹೋದ್ರು. ಆಪರೇಷನ್ ಫಾರ್ಮಿಗೆ ಸೈನ್ ಪಕ್ಕದ ಮನೆಯವರೇ ಹಾಕಿದ್ರು. ನಾನು ಬೆಂಗಳೂರು ಮುಟ್ಟಿದಾಗ ಸಂಜೆ, ಅಪ್ಪ ಕಣ್ಣಿಗೆ ಪಟ್ಟಿ ಕಟ್ಕೊಂಡು ಮನೆ ಹಾಲ್‌ನಲ್ಲಿ ಒಬ್ಬರೇ ಕೂತಿದ್ರು. ಏನೂ ಬೈಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಲ್ಲಿ ಕೂತಿದೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು, ಟ್ರಿಪ್ಪಿನ ಮಾರನೇ ದಿನ ತಪ್ಪಿಸೋಕೆ ಆಗದ ಕೆಲಸ ಇಟ್ಕೊಳ್ಳಲೇಬೇಡಿ.

ಸೇಫಾ ಅಂತ ಕೇಳಿದ್ರಿ. ನನಗೆ ಬನವಾಸಿಯಲ್ಲಿ ಹೆದರಿಕೆ ಆಗ್ಲಿಲ್ಲ, ಹೆದರಿಕೆ ಆಗಿದ್ದು ಶನಿವಾರ ಬೆಳಗಿನ ಜಾವ ಬೆಂಗಳೂರು ಬಸ್ಸಿಂದ ಸಿರ್ಸಿಯಲ್ಲಿ ಇಳಿದಾಗ. ಆ ಹೊತ್ತಲ್ಲಿ ಆಟೋ ಹತ್ತಿ ಲಾಡ್ಜ್ ಹುಡುಕೋಕೆ ಹೋಗಬೇಡಿ, ಬೆಳಕಾಗೋವರೆಗೂ ಸ್ಟ್ಯಾಂಡ್ ಒಳಗೇ, ಕೌಂಟರ್ ಎದುರಿಗೆ ಕೂತ್ಕೊಳ್ಳಿ. ಖರ್ಚಿನ ವಿಷಯ, 2023ರ ಜೂನಿಂದ ಶಕ್ತಿ ಯೋಜನೆ ಬಂದ್ಮೇಲೆ ಆರ್ಡಿನರಿ, ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ಫ್ರೀ, ಕರ್ನಾಟಕದ ಅಡ್ರೆಸ್ ಇರೋ ಐಡಿ ಕೈಯಲ್ಲಿರಲಿ. ಸ್ಲೀಪರ್, ಏಸಿ, ರಾಜಹಂಸಕ್ಕೆ ಅದು ನಡೆಯಲ್ಲ.

ಐದು ಜಾಗ ಆಗುತ್ತಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕಾರಲ್ಲಿ ಹೋಗೋರ ಲಿಸ್ಟ್ ಹಿಡ್ಕೊಂಡು ಬಸ್ಸಲ್ಲಿ ಓಡಾಡಿದ್ರೆ ನಿಮಗೆ ಸಿಗೋದು ಐದು ಬಸ್ ಸ್ಟಾಪ್. ಜೋಗಕ್ಕೆ ಮಳೆಗಾಲದಲ್ಲಿ ಫ್ರೆಂಡ್ಸ್ ಜೊತೆ ಹೋಗಿ. ಯಾಣಕ್ಕೆ ಗಾಡಿ ಬೇಕು. ಬನವಾಸಿಯಲ್ಲೇ ರಾತ್ರಿ ಉಳೀರಿ, ರೂಮ್ ಮೊದ್ಲೇ ಫೋನ್ ಮಾಡಿ ಖಾತ್ರಿ ಮಾಡ್ಕೊಂಡು. ಎರಡನೇ ದಿನ ಕೈಯಲ್ಲಿ ಟೈಮ್ ಉಳಿದ್ರೆ ಬಳ್ಳಿಗಾವಿ ಕಡೆ ಬಸ್ ಇದೆಯಾ ಕೇಳಿ, ಹೋದ್ರೆ ಪಕ್ಕದ ತಾಳಗುಂದ ಬಿಡಬೇಡಿ, ಮಯೂರಶರ್ಮ ಕಂಚಿಗೆ ಓದೋಕೆ ಹೋಗಿ ಅವಮಾನ ಆಗಿ ಕತ್ತಿ ಹಿಡಿದ ಕಥೆ ಅಲ್ಲಿ ಕಂಬದ ಮೇಲೆ ಕೆತ್ತಿದೆ.

ಇಲ್ಲಾಂದ್ರೆ ಅಲ್ಲೇ ಇರಿ. ನಾನು ಆಮೇಲೆ ಎರಡು ಸಲ ಹೋದೆ, ಎರಡನೇ ಸಲ ಅಪ್ಪನ್ನೂ ಕರ್ಕೊಂಡು. ನಾಗರ ಕಲ್ಲಿನ ಹತ್ರ ಬಗ್ಗಿ, ಆಪರೇಷನ್ ಆದ ಕಣ್ಣಲ್ಲಿ ಒಂದೊಂದೇ ಅಕ್ಷರ ನೋಡ್ತಾ ಬಹಳ ಹೊತ್ತು ನಿಂತಿದ್ರು.