7ನೇ ಕ್ಲಾಸ್ ಮುಗಿಸಿದ ಮಗನನ್ನು ಹಳ್ಳಿ ಸರ್ಕಾರಿ ಶಾಲೆಯಿಂದ ಮೈಸೂರಿನ ಇಂಗ್ಲಿಷ್ ಮೀಡಿಯಂಗೆ ಸೇರಿಸಬಹುದಾ?

ನಾನು ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡ್ತೀನಿ. ಪ್ರತಿ ಜೂನ್‌ನಲ್ಲೂ ನಿಮ್ಮ ಮಗನಂಥ ಹುಡುಗರು ಎಂಟನೇ ಕ್ಲಾಸಿಗೆ ಬಂದು ಸೇರ್ತಾರೆ. ನನ್ನನ್ನ ಕೇಳಿದ್ರೆ, ಊರ ಹತ್ರ ಸುಮಾರಾಗಿರೋ ಹೈಸ್ಕೂಲ್ ಇದ್ರೂ ಸಾಕು, ಎಸ್ಸೆಸ್ಸೆಲ್ಸಿ ಅಲ್ಲೇ ಮುಗಿಸಲಿ.

ಮೊದಲು ಕೋಟಾ ವಿಷಯ. ಪಿಯುಸಿ ಆದ್ಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸ್‌ಗೆ ಸೇರೋಕೆ ಬರೆಯೋ ಸಿಇಟಿ ಪರೀಕ್ಷೆಯ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ರವರೆಗೆ ಪೂರಾ ಹತ್ತು ವರ್ಷದ ಓದು ಬೇಕು. ಏಳು ವರ್ಷ ಹಳ್ಳಿಯಲ್ಲಿ ಓದಿ ಮೂರು ವರ್ಷ ಪೇಟೆಯಲ್ಲಿ ಓದಿದ್ರೆ ಆ ಏಳೂ ಲೆಕ್ಕಕ್ಕಿಲ್ಲ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಕೂಡ ಗ್ರಾಮೀಣ ಅನ್ನಿಸಿಕೊಳ್ಳೋಲ್ಲ. ರಾಜ್ಯ ಸರ್ಕಾರಿ ಕೆಲಸಕ್ಕೂ ಗ್ರಾಮೀಣ ಕೋಟಾ ಇದೆ. ಟಿಸಿ ತೆಗೆಸೋವಾಗ ಇದನ್ನ ಯಾರೂ ಹೇಳೋಲ್ಲ. ಪಿಯುಸಿ ಆದ್ಮೇಲೆ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಕೇಳೋಕೆ ಹೋದಾಗ ಗೊತ್ತಾಗುತ್ತೆ.

ಪಿಯುಸಿ ಸೈನ್ಸ್ ಹೇಗಿದ್ರೂ ಇಂಗ್ಲಿಷ್‌ನಲ್ಲೇ ಓದಬೇಕು, ಈಗಲೇ ಅಭ್ಯಾಸ ಆಗ್ಲಿ ಅಂತ ಬರೆದಿದ್ದೀರಿ. ತೆಗೆದುಹಾಕೋ ಮಾತಲ್ಲ. ಆದ್ರೆ ಕ್ಲಾಸಲ್ಲಿ ನಾನು ನೋಡೋದು ಹೀಗೆ: ಬೋರ್ಡ್ ಮೇಲೆ ಸಮೀಕರಣ ಬರೆದ್ರೆ ಹುಡುಗ ಎಲ್ಲರಿಗಿಂತ ಮುಂಚೆ ಬಿಡಿಸ್ತಾನೆ. ಅದೇ ಲೆಕ್ಕವನ್ನ, ಅಪ್ಪನ ವಯಸ್ಸು ಮಗನ ವಯಸ್ಸಿನ ಮೂರರಷ್ಟು ಅಂತ ಇಂಗ್ಲಿಷ್ ವಾಕ್ಯದಲ್ಲಿ ಕೊಟ್ರೆ ಪೆನ್ನು ಅಲ್ಲೇ ನಿಲ್ಲುತ್ತೆ. ಎದ್ದು ಕೇಳೋಕೆ ನಾಚಿಕೆ. ಮೊದಲನೇ ಟೆಸ್ಟ್ ಮುಗಿಯೋಷ್ಟರಲ್ಲಿ ತನಗೆ ಗಣಿತವೇ ಬರೋಲ್ಲ ಅಂತ ನಂಬಿಬಿಟ್ಟಿರ್ತಾನೆ. ಸಮಾಜ ವಿಜ್ಞಾನದ ಕಥೆ ಇನ್ನೂ ಕಷ್ಟ, ಅಲ್ಲಿ ಬರೀ ವಾಕ್ಯಗಳೇ.

ಈ ತೊಡಕನ್ನ ಊರಲ್ಲಿದ್ದುಕೊಂಡೇ ಬಿಡಿಸಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎರಡೂ ಮಾಧ್ಯಮದ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತೆ. ಗಣಿತ, ವಿಜ್ಞಾನದಲ್ಲಿ ಅದೇ ಪಾಠ, ಅದೇ ಲೆಕ್ಕ, ಅದೇ ಚಿತ್ರ. ಬೆಳಗ್ಗೆ ಕನ್ನಡದಲ್ಲಿ ಆದ ಪಾಠವನ್ನ ಸಂಜೆ ಇಂಗ್ಲಿಷ್‌ನಲ್ಲಿ ಒಂದು ಪುಟವಾದ್ರೂ ಗಟ್ಟಿಯಾಗಿ ಓದಲಿ. ಅರ್ಥ ಮೊದಲೇ ಗೊತ್ತಿರುತ್ತಲ್ಲ, ಹೆದರಿಕೆ ಇರೋಲ್ಲ.

ಮನೆಯವರೆಲ್ಲ ಮೈಸೂರಿಗೇ ಬರ್ತಿದ್ರೆ ಬೇರೆ ಮಾತು. ಆಗ ಸಿಬಿಎಸ್‌ಇ ಬೇಡ, ಸ್ಟೇಟ್ ಸಿಲಬಸ್ ಶಾಲೆಯನ್ನೇ ಹುಡುಕಿ. ಪ್ರಥಮ ಭಾಷೆಯಾಗಿ ಕನ್ನಡ ಕೊಡ್ತಾರಾ ಅಂತ ಸೇರಿಸೋ ಮುಂಚೆಯೇ ಕೇಳಿ. ಅವನು ಧೈರ್ಯವಾಗಿ ಬರೆಯೋ ಪೇಪರ್ ಅದೊಂದೇ ಇರುತ್ತೆ. ಟಿಸಿಯಲ್ಲಿ ಹೆಸರು, ಹುಟ್ಟಿದ ದಿನ ಆಧಾರ್‌ಗೆ ತಾಳೆ ಆಗುತ್ತಾ ಅಂತ ಅಲ್ಲೇ ನಿಂತು ನೋಡ್ಕೊಳ್ಳಿ. ಇಲ್ಲಾಂದ್ರೆ ತಿದ್ದುಪಡಿಗೆ ಮತ್ತೆ ಊರಿನ ಶಾಲೆಗೇ ಅಲೆಯಬೇಕು.