ಟಿಕೆಟ್ ಒಬ್ಬರಿಗೆ, ಮನೆಯಲ್ಲಿ ನಾಲ್ವರು

ಪ್ರಶ್ನೆ: ನನಗೆ 32 ವರ್ಷ. ಹಗಲು ಲೆಕ್ಕಪತ್ರದ ಕೆಲಸ. ಎರಡು ವರ್ಷದಿಂದ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪಾಠಕ್ಕೆ ನಿಂತರೆ ದಿನದ ಸುಸ್ತೆಲ್ಲ ಮರೆತುಹೋಗುತ್ತದೆ. ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫಲ್ (ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್ ಕೂಡ ಮಾಡಿಕೊಂಡೆ. ಈಗ ವಿದೇಶದ ಒಂದು ಭಾಷಾ ಕೇಂದ್ರದಿಂದ ಒಂದು ವರ್ಷದ ಕೆಲಸ ಬಂದಿದೆ. ಮಧ್ಯಾಹ್ನ 2ರಿಂದ ರಾತ್ರಿ 9ರವರೆಗೆ, ಶನಿವಾರವೂ ಇದೆ. ಒಬ್ಬರಿಗೆ ಟಿಕೆಟ್, ಒಬ್ಬರಿಗೆ ರೂಮು. ಹೆಂಡತಿ ನರ್ಸ್. ಮಗಳಿಗೆ 4 ವರ್ಷ, ಮಗನಿಗೆ 10 ತಿಂಗಳು. 'ನೀವು ಹೋಗಿ ಬನ್ನಿ, ನಾನು ಹೇಗೋ ನೋಡ್ಕೋತೀನಿ' ಅನ್ನುತ್ತಾಳೆ. ಒಬ್ಬನೇ ಹೋಗಲೇ, ಎಲ್ಲರನ್ನೂ ಕರೆದುಕೊಂಡು ಹೋಗಲೇ, ಇಲ್ಲ ಆಸೆಯನ್ನೇ ಬಿಡಲೇ? ಈಗ ಬಿಟ್ಟರೆ ಮತ್ತೆ ಆಗುವುದೇ ಇಲ್ಲ ಅನ್ನುವ ಭಯ. ಮೂರು ವಾರದಲ್ಲಿ ಉತ್ತರ ಕೊಡಬೇಕು.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಈ ಕರಾರಿಗೆ ಸಹಿ ಹಾಕಬೇಡಿ. ಆಸೆಯನ್ನೂ ಬಿಡಬೇಡಿ. ಇವೆರಡೂ ಒಂದೇ ವಿಷಯ ಎಂದು ನೀವು ಅಂದುಕೊಂಡಿದ್ದೀರಿ. ಅದಕ್ಕೇ ಇಷ್ಟು ಸಂಕಟ.

ದಿನವಿಡೀ ಲೆಕ್ಕ ನೋಡಿದ ಮೇಲೂ ಸಂಜೆ ಪಾಠಕ್ಕೆ ನಿಂತರೆ ಸುಸ್ತು ಮರೆಯುತ್ತದೆ ಅಂದರೆ ಅದು ಸುಮ್ನೆ ಹುಟ್ಟಿದ ಹುಚ್ಚಲ್ಲ. ಎರಡು ವರ್ಷ ನಿಂತ ಆಸೆ ಇನ್ನೆರಡು ವರ್ಷವೂ ನಿಲ್ಲುತ್ತದೆ. ಅದರ ಬಗ್ಗೆ ನನಗೆ ಭಯವಿಲ್ಲ. ಭಯ ಇರುವುದು ಆ ಸಮಯದ ಬಗ್ಗೆ. ಮಧ್ಯಾಹ್ನ 2ರಿಂದ ರಾತ್ರಿ 9.

ನಾನೂ ಹೊರದೇಶದ ಒಂದು ಭಾಷಾ ಕೇಂದ್ರದಲ್ಲಿ ಎರಡು ವರ್ಷ ಕಲಿಸಿದ್ದೇನೆ. ಆಗ ನನ್ನ ಮಗಳಿಗೆ ಐದು ವರ್ಷ. ಕಲಿಯುವವರಿಗೆ ಶಾಲೆ ಇಲ್ಲವೇ ಆಫೀಸು ಮುಗಿದ ಮೇಲೆ ತಾನೇ ಬಿಡುವು? ಹಾಗಾಗಿ ಇಂಥ ಕೇಂದ್ರಗಳು ನಡೆಯುವುದೇ ಸಂಜೆ ಮತ್ತು ಶನಿವಾರ. ನಮ್ಮ ಮಕ್ಕಳು ಮನೆಯಲ್ಲಿರುವುದೂ ಆಗಲೇ. ಅವಳು ಶಾಲೆಯಿಂದ ಬರುವಾಗ ನಾನು ಹೊರಟಿರುತ್ತಿದ್ದೆ. ನಾನು ಬರುವಾಗ ಅವಳು ಮಲಗಿರುತ್ತಿದ್ದಳು. ಒಂದೇ ಮನೆಯಲ್ಲಿದ್ದೂ ವಾರಕ್ಕೆ ಒಂದು ದಿನ ಮಾತ್ರ ನೆಟ್ಟಗೆ ಮಾತಾಡಿದ್ದೇವೆ. ಬೇರೆಯವರ ಮಕ್ಕಳಿಗೆ 'ನಿನ್ನೆ ಸಂಜೆ ಏನು ಮಾಡಿದೆ?' ಎಂದು ಕೇಳುವುದನ್ನು ಕಲಿಸಿ ಬರುತ್ತಿದ್ದೆ. ನನ್ನ ಮಗಳನ್ನು ಹಾಗೆ ಕೇಳಲು ನನಗೆ ಸಂಜೆಯೇ ಇರಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಕುಟುಂಬ ಜೊತೆಗಿದ್ದಾಗಲೇ ಹೀಗೆ. ಒಬ್ಬರೇ ಹೋದರೆ? 10 ತಿಂಗಳ ಮಗುವಿಗೆ ಅಪ್ಪ ಅಂದರೆ ಎತ್ತಿಕೊಳ್ಳುವ ಕೈ, ಮೈಯ ವಾಸನೆ. ಫೋನಿನ ಪರದೆಯಲ್ಲಿ ಅದು ಸಿಗುವುದಿಲ್ಲ. ವರ್ಷ ಕಳೆದು ನೀವು ಬಂದಾಗ ಅವನು ಓಡಾಡುತ್ತಿರುತ್ತಾನೆ, ನಿಮ್ಮನ್ನು ನೋಡಿ ಅಮ್ಮನ ಹಿಂದೆ ಅಡಗಿಕೊಳ್ಳುತ್ತಾನೆ. ಮತ್ತೆ ಹತ್ತಿರವಾಗುತ್ತಾನೆ, ನಿಜ. ಬೇರೆ ದಾರಿಯೇ ಇಲ್ಲದೆ ಹೀಗೆ ದೂರ ಇರುವ ಅಪ್ಪಂದಿರು ಎಷ್ಟೋ ಜನ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನಿಮಗೆ ಬೇರೆ ದಾರಿ ಇದೆ.

ಎಲ್ಲರೂ ಹೋಗುವುದಾದರೆ ಇನ್ನೊಂದು ಲೆಕ್ಕ. ಲೆಕ್ಕ ನಿಮ್ಮ ಕೆಲಸವೇ ಅಲ್ವಾ, ಕೂತು ಮಾಡಿ. ವಿಮೆ ಯಾರಿಗೆ? ನಾಲ್ಕು ಜನರ ಮನೆಗೆ ಬಾಡಿಗೆ ಯಾರು ಕೊಡುತ್ತಾರೆ? ಮಗಳ ಶಾಲೆಯ ಫೀಸು? ಅಂತರರಾಷ್ಟ್ರೀಯ ಶಾಲೆಯ ಫೀಸು ಕಟ್ಟಿದರೆ ಭಾಷಾ ಕೇಂದ್ರದ ಸಂಬಳದಲ್ಲಿ ಜಾಸ್ತಿ ಏನೂ ಉಳಿಯುವುದಿಲ್ಲ. ನಿಯಮಗಳೂ ಬದಲಾಗುತ್ತವೆ. ಸೌದಿ ಅರೇಬಿಯಾದಲ್ಲಿ ಖಾಸಗಿ ಕೆಲಸದ ವಿದೇಶಿಯರ ಕುಟುಂಬದವರ ಮೇಲೆ 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿದರು. 2020ರ ಹೊತ್ತಿಗೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಅಂದರೆ ತಿಂಗಳಿಗೆ 1,200 ರಿಯಾಲ್. ಎಷ್ಟೋ ಜನ ಕುಟುಂಬವನ್ನು ವಾಪಸ್ ಕಳಿಸಬೇಕಾಯಿತು. ಚೀನಾದಲ್ಲಿ 2021ರ ಜುಲೈನಲ್ಲಿ ಶಾಲಾಮಕ್ಕಳ ಖಾಸಗಿ ಟ್ಯೂಷನ್ ಮೇಲೆ ಸರ್ಕಾರ ಕಡಿವಾಣ ಹಾಕಿತು. ಇಂಗ್ಲಿಷ್ ಕೇಂದ್ರಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಸಾಮಾನ್ಯವಾಗಿ ವೀಸಾ ಕೊಡಿಸುವುದು ಕೆಲಸ ಕೊಟ್ಟವರೇ. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಒಬ್ಬರೇ ಇದ್ದರೆ ಪೆಟ್ಟಿಗೆ ಕಟ್ಟಿಕೊಂಡು ಹೊರಡಬಹುದು. ಎರಡು ಪುಟ್ಟ ಮಕ್ಕಳೊಂದಿಗೆ ಅದು ಅಷ್ಟು ಸುಲಭವಲ್ಲ.

ಈಗ ನಿಮ್ಮ ಹೆಂಡತಿಯ ಮಾತು. 'ಹೇಗೋ ನೋಡ್ಕೋತೀನಿ' ಎನ್ನುವುದನ್ನು ನೀವು ಒಪ್ಪಿಗೆ ಎಂದು ಬರೆದಿದ್ದೀರಿ. ನನಗೆ ಆ 'ಹೇಗೋ' ಮಾತ್ರ ಕೇಳಿಸುತ್ತಿದೆ. ರಾತ್ರಿ ಪಾಳಿ ಬಿದ್ದ ದಿನ ಮಕ್ಕಳು ಯಾರ ಹತ್ತಿರ ಮಲಗುತ್ತಾರೆ? ಇಬ್ಬರಿಗೂ ಒಟ್ಟಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು? ಇದನ್ನು ಅವರನ್ನು ಕೇಳಿದ್ದೀರಾ? ಇನ್ನು ಅವರೂ ಹೊರಟರೆ, ಎಷ್ಟೋ ದೇಶಗಳಲ್ಲಿ ಅವಲಂಬಿತರ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಅನುಮತಿ ಇದ್ದರೂ ನರ್ಸ್ ಆದವರು ಆ ದೇಶದಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಪರೀಕ್ಷೆಯೂ ಇರಬಹುದು. ನಿಮ್ಮ ಆಸೆ ಶುರುವಾಗುವ ದಿನವೇ ಅವರ ಕೆಲಸ ನಿಲ್ಲುತ್ತದೆ. ಅದಕ್ಕೆ ಅವರು ಒಪ್ಪಲೂಬಹುದು. ಆದರೆ ಅದು ಅವರ ಬಾಯಿಂದ ಬರಬೇಕು, ಮೂರು ವಾರದ ಗಡುವಿನ ಒತ್ತಡದಲ್ಲಿ ಅಲ್ಲ.

ನಿಮ್ಮ 120 ಗಂಟೆಯ ಸರ್ಟಿಫಿಕೇಟ್ ತಪ್ಪಲ್ಲ. ಆದರೆ ಆನ್‌ಲೈನ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿಸಿ, ತಪ್ಪು ಒಪ್ಪು ಹೇಳುವವರು ಇರುವುದಿಲ್ಲ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವವರಿಗಾಗಿ ಕೇಂಬ್ರಿಡ್ಜ್‌ನವರು ನಡೆಸುವ ಸೆಲ್ಟಾ ಕೋರ್ಸಿನಲ್ಲಿ ಅದು ಇದೆ. 6 ಗಂಟೆ ನಿಜವಾದ ತರಗತಿಗೆ ಪಾಠ ಮಾಡಬೇಕು, ಹಿಂದೆ ಕೂತವರು ಗಮನಿಸುತ್ತಾರೆ. ಪೂರ್ತಿ ಸಮಯ ಕೊಟ್ಟರೆ 4-5 ವಾರ. ಕೆಲಸ ಮಾಡಿಕೊಂಡೇ ಕೆಲವು ತಿಂಗಳಲ್ಲಿ ಮುಗಿಸುವ ದಾರಿಯೂ ಇದೆ. ಇದನ್ನು ಈ ವರ್ಷವೇ ಮಾಡಿ.

ಆಮೇಲೆ ಎರಡು ದಾರಿ. ಮಕ್ಕಳ ಫೀಸು, ಮನೆ, ಕುಟುಂಬದ ವಿಮೆ ಎಲ್ಲ ಕೊಡುವವರು ಹೆಚ್ಚಾಗಿ ಅಂತರರಾಷ್ಟ್ರೀಯ ಶಾಲೆಗಳು. ಅವರು ಬಿ.ಎಡ್‌ನಂಥ ಶಿಕ್ಷಕ ತರಬೇತಿ ಕೇಳುತ್ತಾರೆ, ಸಾಮಾನ್ಯವಾಗಿ ಎರಡು ವರ್ಷ ಶಾಲೆಯಲ್ಲಿ ಕಲಿಸಿರಬೇಕು ಎನ್ನುತ್ತಾರೆ. ಗಲ್ಫ್‌ನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಇಂಗ್ಲಿಷ್ ಬೋಧನೆ ಇಲ್ಲವೇ ಭಾಷಾವಿಜ್ಞಾನದಲ್ಲಿ ಎಂ.ಎ. ನೋಡುತ್ತವೆ. ನೀವು ದೊಡ್ಡವರಿಗೆ ಕಲಿಸಿ ಖುಷಿಪಟ್ಟವರು, ಎರಡನೆಯದೇ ನಿಮಗೆ ಒಗ್ಗಬಹುದು. ಆದರೆ ಶಾಲೆಯ ಕೆಲಸ ಮಧ್ಯಾಹ್ನಕ್ಕೋ ಸಂಜೆಗೋ ಮುಗಿಯುತ್ತದೆ, ಮಗಳ ಶಾಲೆಯೂ ಆಗಲೇ ಬಿಡುತ್ತದೆ, ರಜೆಯೂ ಒಟ್ಟಿಗೇ ಬರುತ್ತದೆ. ನಾನಾಗಿದ್ದರೆ ಶಾಲೆಯ ದಾರಿಯನ್ನೇ ಹಿಡಿಯುತ್ತಿದ್ದೆ. ಎಲ್ಲ ಸೇರಿ ಮೂರು ನಾಲ್ಕು ವರ್ಷ ಆಗಬಹುದು. ಆಗ ನಿಮಗೆ 36. ಈ ಕೆಲಸಕ್ಕೆ ಅದು ಏನೇನೂ ತಡವಲ್ಲ.

ಆ ಕೇಂದ್ರಕ್ಕೆ ಸುಮ್ಮನೆ ಬೇಡ ಎನ್ನಬೇಡಿ. ಕುಟುಂಬದ ವೀಸಾ, ವಿಮೆ ಕೊಡುತ್ತೀರಾ, ವಾರದಲ್ಲಿ ಎರಡು ಸಂಜೆ ಬಿಡುವು ಸಿಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಒಪ್ಪಿ ಕರಾರಿನಲ್ಲಿ ಸೇರಿಸಿದರೆ ಮತ್ತೆ ಕೂತು ಯೋಚಿಸಬಹುದು. ನನಗೇನೋ ಅವರು ಒಪ್ಪುವುದಿಲ್ಲ ಅನ್ನಿಸುತ್ತದೆ.

ಇದನ್ನು ನಿಮ್ಮ ಹೆಂಡತಿಗೂ ಓದಲು ಕೊಡಿ. ನಾನು ಅವರ ಮನಸ್ಸನ್ನು ತಪ್ಪಾಗಿ ಓದಿದ್ದರೆ ಅವರೇ ನನಗೆ ಬರೆಯಲಿ. ಆ ಪತ್ರಕ್ಕೆ ಕಾಯುತ್ತಿರುತ್ತೇನೆ.