ಸಂಪಾದಕರ ಉತ್ತರ: ಕುಕ್ಕರ್ ಇಳಿಸಬೇಡಿ, ಕುರ್ಚಿ ಹಾಕಿಸಿಕೊಳ್ಳಿ

ಪ್ರಿಯ ಸೋದರಿ,

ನಿಮ್ಮ ಪತ್ರದ ಮೂರನೇ ಪುಟದ ಕೊನೆಯಲ್ಲಿ, ಬೇರೆ ಮಾತುಗಳ ನಡುವೆ ಸಿಕ್ಕಿಸಿದ ಹಾಗೆ ಒಂದು ಸಾಲಿತ್ತು: ‘ಮೊನ್ನೆ ಒಲೆ ಮೇಲಿಂದ ಕುಕ್ಕರ್ ಇಳಿಸುವಾಗ ಎದೆಯ ನಡುವೆ ಟಕ್ ಅಂದ ಹಾಗಾಯಿತು, ಆಮೇಲೆ ಏನೂ ಇಲ್ಲ.’ ಅದನ್ನು ಓದಿದ ಕೂಡಲೇ ನೀವು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ, ಆಪರೇಷನ್ ಮಾಡಿದ ಡಾಕ್ಟರಿಗೆ ಇವತ್ತೇ ತಿಳಿಸಿ ಎಂದಿದ್ದೆ. ನೀವು ಹೋಗಿ ತೋರಿಸಿಕೊಂಡು ಬಂದಿರಿ, ಮೂಳೆಗೆ ಏನೂ ಆಗಿಲ್ಲ ಎಂದರು ಅಂತ ಕೇಳಿ ಸಮಾಧಾನವಾಯಿತು. ಉಳಿದ ಓದುಗರಿಗಾಗಿ ಮತ್ತೆ ಹೇಳುತ್ತೇನೆ. ಹೃದಯದ ಬೈಪಾಸ್ ಆಪರೇಷನ್ ಆದವರಿಗೆ ಎದೆಮೂಳೆ ಟಕ್ ಎಂದರೆ, ಅಲ್ಲಾಡಿದಂತೆ ಅನ್ನಿಸಿದರೆ, ಗಾಯದಲ್ಲಿ ಕೀವು ಬಂದರೆ, ಜ್ವರ ಬಂದರೆ, ಒಂದೇ ದಿನದಲ್ಲಿ ತೂಕ ಒಂದೂವರೆ ಕೆಜಿಯಷ್ಟು ಏರಿದರೆ, ಪತ್ರಿಕೆಗೆ ಬರೆಯುತ್ತ ಕೂರಬೇಡಿ. ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆ ಹಿಂಡಿದಂತಾದರೆ ನೇರವಾಗಿ 108.

ಈಗ ಪತ್ರಕ್ಕೆ ಬರೋಣ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿಮಗೆ 56 ವರ್ಷ, ಅರಸೀಕೆರೆ ಕಡೆಯವರು, ಬೈಪಾಸ್ ಆಗಿ ಒಂದು ತಿಂಗಳು. ಆಸ್ಪತ್ರೆಯಲ್ಲಿ ಧೈರ್ಯವಾಗಿದ್ದವರು ಮನೆಗೆ ಬಂದ ಮೇಲೆ ದಿನಕ್ಕೊಮ್ಮೆ ಅಳುತ್ತೀರಿ. ಸೊಸೆ ಹತ್ತು ದಿನ ರಜೆ ಹಾಕಿ ನೋಡಿಕೊಂಡು ಬೆಂಗಳೂರಿಗೆ ಹಿಂತಿರುಗಿದ್ದಾಳೆ. ಯಜಮಾನರು ನಿವೃತ್ತ ಮೇಷ್ಟ್ರು, ಒಳ್ಳೆಯವರು. ‘ನೀನು ಕೂತು ಹೇಳು, ನಾನು ಮಾಡ್ತೀನಿ’ ಅನ್ನುತ್ತಾರೆ. ಆದರೆ ಸಾಸಿವೆ ಡಬ್ಬಿ ಎಲ್ಲಿ, ಬೇಳೆಗೆ ಎಷ್ಟು ನೀರು, ಹಾಲಿನವನಿಗೆ ದುಡ್ಡು ಕೊಟ್ಟಾಯಿತಾ ಎಂದು ಗಂಟೆಗೆ ಹತ್ತು ಸಲ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ನೀವೇ ಎದ್ದು ಹೋಗುತ್ತೀರಿ. ನೋಡಲು ಬರುವ ನೆಂಟರು ಬೇರೆ. ಕೊನೆಗೆ ಎರಡು ಪ್ರಶ್ನೆ ಕೇಳಿದ್ದೀರಿ: ನಾನು ಮೊದಲಿನ ಹಾಗೆ ಆಗುವುದು ಯಾವಾಗ? ಮುಂದಿನ ತಿಂಗಳ ಗೌರಿ ಹಬ್ಬಕ್ಕೆ ಇಪ್ಪತ್ತು ಜನಕ್ಕೆ ಅಡುಗೆ ಮಾಡಬಹುದಾ?

ನಾನು ಡಾಕ್ಟರಲ್ಲ. ಆದರೆ ನಿಮ್ಮ ಮನೆಯಲ್ಲಿ ಸದ್ಯ ಡಾಕ್ಟರು ನೋಡಲಾಗದ ಒಂದು ತೊಂದರೆ ಇದೆ ಎಂದು ನನಗೆ ತೋರುತ್ತದೆ. ನೀವು ಮಾಡುತ್ತಿದ್ದ ಕೆಲಸ ಬೇರೆಯವರ ಕೈಗೆ ಹೋಗಿದೆ, ಮನೆಯ ಲೆಕ್ಕ ಮಾತ್ರ ನಿಮ್ಮ ತಲೆಯಲ್ಲೇ ಉಳಿದಿದೆ. ಅದಕ್ಕೇ ನಿಮಗೂ ವಿಶ್ರಾಂತಿ ಇಲ್ಲ, ಮೇಷ್ಟ್ರಿಗೂ ಕೆಲಸ ಹತ್ತುತ್ತಿಲ್ಲ.

ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಇಬ್ಬರು ನರ್ಸುಗಳು ನಿಮ್ಮ ಮಂಚದ ಪಕ್ಕ ನಿಂತು ಮಾತಾಡಿಕೊಳ್ಳುತ್ತಿದ್ದುದನ್ನು ನೀವೇ ಬರೆದಿದ್ದೀರಿ. ಯಾವ ಮಾತ್ರೆ ಆಯಿತು, ಯಾವುದು ಬಾಕಿ, ಎಲ್ಲವನ್ನೂ ಒಪ್ಪಿಸಿ ಮೊದಲನೆಯವಳು ಮನೆಗೆ ಹೋಗುತ್ತಾಳೆ. ಹೋದ ಮೇಲೆ ಬಾಗಿಲಲ್ಲಿ ನಿಂತು ‘ಅಯ್ಯೋ ಡ್ರಿಪ್ ಹಾಗಲ್ಲ ಹಾಕೋದು’ ಅನ್ನುವುದಿಲ್ಲ. ನಿಮ್ಮ ಮನೆಯಲ್ಲಿ ಆ ಒಪ್ಪಿಸುವ ಕೆಲಸವೇ ಆಗಿಲ್ಲ. ಒಂದು ಸಂಜೆ ನೋಟ್‌ಬುಕ್ ಹಿಡಿದು ಇಬ್ಬರೂ ಕೂತುಕೊಳ್ಳಿ. ಹಾಲು, ಪೇಪರು, ಗ್ಯಾಸ್ ಬುಕಿಂಗ್, ನೀರು ಬಿಡುವ ದಿನ, ಚೀಟಿ ದುಡ್ಡು, ಯಾವ ಡಬ್ಬಿಯಲ್ಲಿ ಏನು. ನಲವತ್ತು ಮಕ್ಕಳ ಹಾಜರಿ ಇಟ್ಟವರಿಗೆ ಇದು ಬರೆದುಕೊಳ್ಳಲು ಕಷ್ಟವೇನಲ್ಲ. ಡಬ್ಬಿಗಳಿಗೆ ಚೀಟಿ ಅಂಟಿಸಲಿ. ಮತ್ತೆ, ಕೊಡುವಾಗ ಕೆಲಸವನ್ನು ಪೂರ್ತಿ ಕೊಡಿ. ‘ಈರುಳ್ಳಿ ಹೆಚ್ಚಿಕೊಡಿ’ ಎಂದರೆ ಅಡುಗೆ ಇನ್ನೂ ನಿಮ್ಮದೇ. ‘ಬೆಳಗಿನ ಕಾಫಿ ತಿಂಡಿ ನಿಮ್ಮದು’ ಎಂದರೆ, ಏನು ಮಾಡಬೇಕು ಎಂದು ಯೋಚಿಸುವುದೂ ಅವರ ಪಾಲಿಗೆ ಹೋಗುತ್ತದೆ. ಒಂದು ವಾರ ಬರೀ ಉಪ್ಪಿಟ್ಟೇ ಆದರೂ ಆಗಲಿ ಬಿಡಿ, ತಿನ್ನೋಣ. ಉಪ್ಪು ಕಡಿಮೆಯಾದರೆ ನಿಮಗೆ ಒಳ್ಳೆಯದೇ.

ಇದನ್ನು ಮೇಷ್ಟ್ರ ಮೇಲಿನ ಕೋಪಕ್ಕೆ ಬರೆಯುತ್ತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುತ್ತಿದ್ದವರೇ ನೂರಕ್ಕೆ 26 ಮಂದಿ, ಹಾಕಿದವರದ್ದೂ 97 ನಿಮಿಷ. ಈ ದಿನಕ್ಕೆ ಐದು ಗಂಟೆಯ ಕೆಲಸ ನಿಮ್ಮ ಡಿಸ್ಚಾರ್ಜ್ ಸಮರಿಯಲ್ಲಿ ಎಲ್ಲೂ ಇಲ್ಲ. ‘ವಿಶ್ರಾಂತಿ, ಭಾರ ಎತ್ತಬಾರದು’ ಎಂದು ಎರಡು ಮಾತು ಬರೆದು ಕಳಿಸುತ್ತಾರೆ. ಭಾರ ಎಂದರೆ ಸಿಮೆಂಟ್ ಮೂಟೆ ಎಂದು ನಾವು ತಿಳಿದುಕೊಳ್ಳುತ್ತೇವೆ.

ಹಾಗಾದರೆ ಭಾರ ಯಾವುದು? ಹೃದಯಕ್ಕೆ ಕೈ ಹಾಕಲು ನಿಮ್ಮ ಎದೆಯ ನಡುಮೂಳೆಯನ್ನು ಉದ್ದಕ್ಕೂ ಕೊಯ್ದು, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದು ಕಟ್ಟಿರುತ್ತಾರೆ. ಆ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳ ಹತ್ತಿರ. ಅಲ್ಲಿಯವರೆಗೆ ಎರಡರಿಂದ ನಾಲ್ಕು ಕೆಜಿಗಿಂತ ಹೆಚ್ಚು ಎತ್ತಬೇಡಿ ಎನ್ನುವುದು ವಾಡಿಕೆ. ನಿಮ್ಮ ಡಾಕ್ಟರು ಹೇಳುವ ಅಂಕಿ ಯಾವುದೋ ಕೇಳಿಕೊಳ್ಳಿ. ಅನ್ನ, ಬೇಳೆ, ನೀರು ತುಂಬಿದ ಐದು ಲೀಟರಿನ ಕುಕ್ಕರ್ ನಾಲ್ಕು ಕೆಜಿ ದಾಟುತ್ತದೆ, ಅದನ್ನು ತೋಳು ಮುಂದೆ ಚಾಚಿ ಎತ್ತುತ್ತೇವೆ ಬೇರೆ. ತುಂಬಿದ ಕೊಡ ಹದಿನೈದು ಕೆಜಿ. ಗ್ಯಾಸ್ ಸಿಲಿಂಡರು ಮೂವತ್ತರ ಹತ್ತಿರ, ಉರುಳಿಸುವುದೂ ಬೇಡ. ಒಂದೂವರೆ ವರ್ಷದ ಮೊಮ್ಮಗ ಹತ್ತು ಕೆಜಿ. ಅವನು ಬಂದರೆ ನೀವು ಮೊದಲು ಕೂತುಕೊಳ್ಳಿ, ಆಮೇಲೆ ಬೇರೆ ಯಾರಾದರೂ ಅವನನ್ನು ನಿಮ್ಮ ಪಕ್ಕ ಕೂರಿಸಲಿ.

ತೂಕವಿಲ್ಲದ ಕೆಲಸದಲ್ಲೂ ಎದೆಗೆ ಪೆಟ್ಟು ಬೀಳುವುದುಂಟು. ನಿಮ್ಮ ಕಡೆ ದಿನಾ ಮುದ್ದೆ. ಕುದಿಯುವ ಎಸರಿಗೆ ಹಿಟ್ಟು ಬಿಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು ಗಂಟಿಲ್ಲದಂತೆ ಒತ್ತಿ ತಿರುವುವಾಗ ಭುಜದಿಂದ ಎದೆಯವರೆಗೆ ಎಲ್ಲ ಸ್ನಾಯುಗಳೂ ಬಿಗಿಯುತ್ತವೆ. ಅದು ಸದ್ಯಕ್ಕೆ ಬೇಡವೇ ಬೇಡ. ಬಟ್ಟೆ ಹಿಂಡುವುದು, ನೆಲ ಒರೆಸುವುದು, ಚಪಾತಿ ಲಟ್ಟಿಸುವುದು, ತುಕ್ಕು ಹಿಡಿದ ಗೇಟು ತಳ್ಳುವುದು ಇವೂ ಅದೇ ಜಾತಿ. ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುವುದರಲ್ಲಿ ತುರಿಯುವುದಕ್ಕಿಂತ ನೆಲದಿಂದ ಏಳುವುದೇ ದೊಡ್ಡ ಅಪಾಯ, ಕೈ ಊರದೆ ನಮ್ಮಲ್ಲಿ ಯಾರೂ ಏಳುವುದಿಲ್ಲ. ಅದಕ್ಕೇ ನೆಲ ಬಿಟ್ಟು ಕುರ್ಚಿಗೆ ಬನ್ನಿ. ಮನೆಯ ಹಿಂದಿನ ಶೌಚಾಲಯ ಕುಕ್ಕರಗಾಲಲ್ಲಿ ಕೂರುವಂಥದ್ದು, ನಲ್ಲಿ ಹಿಡಿದು ಏಳುತ್ತೇನೆ ಎಂದಿದ್ದೀರಿ. ಅದನ್ನು ಇವತ್ತೇ ನಿಲ್ಲಿಸಿ. ಮೇಲೆ ಇಡುವ ಕಮೋಡ್ ಕುರ್ಚಿ ದೊಡ್ಡ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಸ್ನಾನಕ್ಕೂ ಒಂದು ಸ್ಟೂಲು, ಬಾಗಿಲಿಗೆ ಒಳಗಿನ ಚಿಲಕ ಬೇಡ. ಯಜಮಾನರು ನೀರು ಹುಯ್ಯುವುದಕ್ಕೆ ನಾಚಿಕೆ ಎಂದಿದ್ದೀರಿ. ಆಪರೇಷನ್ ಆದ ಹೊಸತರಲ್ಲಿ ಹೊರಗಿನ ಹುಡುಗಿಯರು ಮೈ ಒರೆಸಿದಾಗ ಸುಮ್ಮನಿದ್ದಿರಿ. ಕೈ ಹಿಡಿದವರ ಹತ್ತಿರ ಅಷ್ಟು ಸಂಕೋಚ ಬೇಕಾ?

ಹಾಗಂತ ಮಂಚ ಹಿಡಿದು ಮಲಗಬೇಡಿ. ನಿಮ್ಮ ಅಕ್ಕ ‘ಮೂರು ತಿಂಗಳು ಮಂಚದಿಂದ ಇಳಿಯಬೇಡ’ ಎಂದಿದ್ದಾರಂತೆ. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವ ಕಾಲವೊಂದಿತ್ತು ನಿಜ. 1952ರಲ್ಲಿ ಬಾಸ್ಟನ್ನಿನ ಡಾಕ್ಟರುಗಳಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್, ಅಂಥ ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ಒಳ್ಳೆಯದಾಯಿತು ಎಂದು ಬರೆದರು. ಇದು ಕೊಲೆಗೆ ಸಮ ಎಂಬಂತೆ ಮೊದಮೊದಲು ಸಹೋದ್ಯೋಗಿಗಳೇ ಎದುರು ಬಿದ್ದರು, ಆಮೇಲೆ ಪ್ರಪಂಚವೇ ಒಪ್ಪಿಕೊಂಡಿತು. ನಿಮ್ಮಕ್ಕನಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೇ. ಬೆಳಿಗ್ಗೆ ಸಂಜೆ ಹಜಾರದಲ್ಲಿ, ಆಮೇಲೆ ಬೀದಿಯಲ್ಲಿ, ಮಾತಾಡುತ್ತ ನಡೆಯುವಷ್ಟು ನಿಧಾನಕ್ಕೆ ನಡೆಯಿರಿ. ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸಿ, ಹೂ ಕಟ್ಟಿ. ಬೈಪಾಸಿಗೆಂದು ರಕ್ತನಾಳ ತೆಗೆದ ಕಾಲು ಊದುತ್ತದೆ ಎಂದಿದ್ದೀರಲ್ಲ, ಕೂತಾಗ ಅದನ್ನು ಇನ್ನೊಂದು ಕುರ್ಚಿಯ ಮೇಲಿಡಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಿ.

ಅಳುವಿನ ವಿಷಯ. ನೀವು ಕೃತಘ್ನರೂ ಅಲ್ಲ, ಹೇಡಿಯೂ ಅಲ್ಲ. ಬೈಪಾಸ್ ಆದ ಮೇಲಿನ ವಾರಗಳಲ್ಲಿ ಕಾರಣವಿಲ್ಲದೆ ಕಣ್ಣೀರು, ಮರೆವು, ಬಾಯಿರುಚಿ ಕೆಡುವುದು, ನಿದ್ದೆ ಹರಿಯುವುದು ಬಹಳ ಜನರಿಗೆ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಆದರೆ ಎರಡು ವಾರವಾದರೂ ಇಳಿಯದಿದ್ದರೆ (ನಿಮಗೆ ಆಗಲೇ ಅಷ್ಟಾಗಿರಬೇಕು), ಬದುಕಿದ್ದೇಕೆ ಎಂಬ ಯೋಚನೆ ಒಮ್ಮೆ ಬಂದರೂ ಸರಿ, ಡಾಕ್ಟರಿಗೆ ಹೇಳಬೇಕು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ನೆಂಟರ ಬಗ್ಗೆ ನೀವು ಬರೆದದ್ದು ಓದಿ ನಗು ಬಂತು, ಕ್ಷಮಿಸಿ. ಒಂದು ಹಾರ್ಲಿಕ್ಸ್ ಬಾಟಲಿ, ಅರ್ಧ ಡಜನ್ ಮೂಸಂಬಿ, ಜೊತೆಗೆ ಬೈಪಾಸ್ ಮಾಡಿಸಿಕೊಂಡು ಆರೇ ತಿಂಗಳಿಗೆ ತೀರಿಕೊಂಡ ಯಾರದೋ ಕಥೆ! ರೋಗಿಗಳ ಆರೈಕೆಯ ಬಗ್ಗೆ ಫ್ಲಾರೆನ್ಸ್ ನೈಟಿಂಗೇಲ್ ನೂರಾ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ಪುಸ್ತಕದಲ್ಲಿ ಹೀಗೆ ಬಂದು ಸಮಾಧಾನ, ಸಲಹೆ ಸುರಿಯುವವರ ಮೇಲೇ ಒಂದು ಅಧ್ಯಾಯವಿದೆ, ಅಂದರೆ ಇದು ಅರಸೀಕೆರೆಯ ಕಾಯಿಲೆ ಮಾತ್ರವಲ್ಲ. ಸಂಜೆ ಐದರಿಂದ ಆರು, ಅಷ್ಟೇ ಹೊತ್ತು ಎಂದು ಮೇಷ್ಟ್ರು ಫೋನಿನಲ್ಲೇ ಹೇಳಿಬಿಡಲಿ. ಕಾಫಿ ಬೇಕಾದವರು ತಾವೇ ಕಾಸಿಕೊಂಡು, ಲೋಟ ತೊಳೆದಿಟ್ಟು ಹೋಗಲಿ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಇನ್ನು ‘ಮೊದಲಿನ ಹಾಗೆ’ ಆಗುವ ಮಾತು. ಮೂಳೆಯ ಲೆಕ್ಕ ಮೇಲೆ ಹೇಳಿದೆ. ಆದರೆ ನಿಮ್ಮ ಪತ್ರದ ಪ್ರಕಾರ ಮೊದಲು ಹೇಗಿತ್ತು? ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಎದೆ ಉರಿಯುತ್ತಿತ್ತು, ಗ್ಯಾಸ್ಟ್ರಿಕ್ ಇರಬೇಕು ಎಂದು ಎಂಟು ತಿಂಗಳು ಮಾತ್ರೆ ನುಂಗಿದಿರಿ, ಮಗನ ಮನೆಯ ಗೃಹಪ್ರವೇಶ ಮುಗಿಯಲಿ ಎಂದು ಯಾರಿಗೂ ಹೇಳಲಿಲ್ಲ. ಆ ಹಾಗೆ ಮತ್ತೆ ಆಗುವುದು ಬೇಡ. ಮುಂದಿನ ಚೆಕಪ್ಪಿಗೆ ಹೋದಾಗ, ಹೃದಯದ ಆಪರೇಷನ್ ಆದವರಿಗೆ ವ್ಯಾಯಾಮ ಕಲಿಸುವ ತರಗತಿ ಅಲ್ಲಿದೆಯಾ ಎಂದು ಕೇಳಿ. ಹೆಂಗಸರು ಇಂಥ ತರಗತಿಗೆ ಹೋಗುವುದು ಎಲ್ಲ ದೇಶಗಳಲ್ಲೂ ಕಡಿಮೆ, ಕಾರಣಗಳಲ್ಲಿ ಮನೆಗೆಲಸವೂ ಒಂದು. ಮೇಷ್ಟ್ರನ್ನೂ ಒಳಗೆ ಕರೆದುಕೊಂಡು ಹೋಗಿ. ‘ಭಾರ ಎತ್ತಬಾರದು’ ಎಂಬುದನ್ನು ಡಾಕ್ಟರ ಬಾಯಿಂದಲೇ, ಕುಕ್ಕರಿನ ಹೆಸರು ಹೇಳಿಸಿಯೇ ಅವರು ಕೇಳಿಸಿಕೊಳ್ಳಲಿ.

ಗೌರಿ ಹಬ್ಬದ ಅಡುಗೆ ಮಾಡಬೇಡಿ. ಪೂಜೆಗೆ ಕುರ್ಚಿಯಲ್ಲಿ ಕೂತರೆ ಗೌರಮ್ಮ ಏನೂ ಅಂದುಕೊಳ್ಳುವುದಿಲ್ಲ. ಮೊರದ ಬಾಗಿನವನ್ನು ಸೊಸೆ ಎತ್ತಿ ಹಿಡಿಯಲಿ, ನೀವು ಸೆರಗು ಮುಟ್ಟಿಸಿ ಕೊಡಿ. ಇಪ್ಪತ್ತು ಜನ ಬಂದೇ ಬರುತ್ತಾರೆ ಅನ್ನುವುದಾದರೆ ಅನ್ನ ಸಾರು ಅವರವರೇ ಹಂಚಿಕೊಂಡು ಮಾಡಲಿ, ಹೋಳಿಗೆ ಅಂಗಡಿಯಿಂದ ಬರಲಿ. ಈಗಲೇ ಹೇಳಿಡಿ, ಹಬ್ಬದ ಹಿಂದಿನ ದಿನ ಕೇಳಿದರೆ ಸಿಗುವುದಿಲ್ಲ.

– ಸಂ.